ನನ್ನನ್ನು ಬೈಯಲು ಬಾ

ತಂಗೀ,

ಮಾತು ಬಿಟ್ಟ ಅಣ್ಣ ನಿನ್ನ ಕಿಟಕಿಗೆ ಹಗ್ಗದಲ್ಲಿ ಚೀಟಿ ಇಳಿಸಿದ್ದಾನೆ ಎಂದು ನಗಬೇಡ. ಟೀ ಮಾಡುತ್ತೇನೆಂದು ಹೇಳಿ ಅಡುಗೆಮನೆಗೆ ಬಂದು ಬರೆಯುತ್ತಿದ್ದೇನೆ. ನಡುಮನೆಯಲ್ಲಿ ಕಂಪ್ಯೂಟರ್ ರಿಪೇರಿಯವರು ಇಬ್ಬರು ಕೂತಿದ್ದಾರೆ. ಏಳುವ ಲಕ್ಷಣವಿಲ್ಲ.

ಮಗಳ ಕಂಪ್ಯೂಟರ್ ಬೆಳಗ್ಗೆ ನನ್ನ ಕೈಯಲ್ಲಿ ಕೆಟ್ಟಿತು. ಅವಳು ಬರುವುದರೊಳಗೆ ಸರಿಮಾಡಿಸೋಣ ಎಂದು ಇವರನ್ನು ಕರೆದೆ. ಬಂದವರೇ ಬಿಚ್ಚಿ ಹರವಿದರು. ಈಗ, "ಎಲ್ಲಾ ಹೋಗಿದೆ ಯಜಮಾನ್ರೇ. ಹೊಸದು ತಗೊಳ್ಳಿ, ಇಲ್ಲಾಂದ್ರೆ ಇದನ್ನ ಅಂಗಡಿಗೆ ಒಯ್ತೀವಿ" ಅನ್ನುತ್ತಾರೆ. ಅವಳು ಬರೆದ ಮನೆ ನಕ್ಷೆಗಳೆಲ್ಲ ಇರುವ ಡಿಸ್ಕು ಆಗಲೇ ಒಬ್ಬನ ಜೇಬು ಸೇರಿದೆ. ಅವು ಬೇರೆಲ್ಲೂ ಇಲ್ಲ.

ಮಗಳನ್ನು ಕೇಳಬೇಕು ಅಂದೆ. "ಈ ಮನೇಲಿ ನನ್ನ ಮಾತೇ ಕೊನೆ ಅಂತ ನೀವೇ ಅಂದ್ರಲ್ಲ!" ಎಂದು ಹಲ್ಲು ಕಿರಿದರು. ಅಂದದ್ದು ಹೌದು. ಬಂದ ಕೂಡಲೇ "ಯಾರನ್ನಾದ್ರೂ ಕೇಳ್ಬೇಕಾ ತಾತ?" ಅಂದಿದ್ದರು, ನನಗೆ ಪಿತ್ತ ನೆತ್ತಿಗೇರಿತ್ತು. ಈಗ ಬೈದರೆ, "ಬೈರಿ ತಾತ, ದೊಡ್ಡೋರ ಬೈಗುಳ ಆಶೀರ್ವಾದ" ಎಂದು ಇನ್ನಷ್ಟು ಒರಗಿ ಕೂರುತ್ತಾರೆ.

ಮೇಲೆ ಬಾ. ಅವರನ್ನು ಬೈಯಬೇಡ, ನನ್ನನ್ನು ಬೈ. ಅವತ್ತು ಮೆಟ್ಟಿಲ ಮೇಲೆ ನಿಂತು ಅಂದೆಯಲ್ಲ, ಇವನ ಮಾತಿಗೆ ಮನೆಯಲ್ಲಿ ಮೂರು ಕಾಸಿನ ಬೆಲೆಯಿಲ್ಲ ಅಂತ, ಅದನ್ನೇ ಅವರ ಮುಂದೆ ಗಟ್ಟಿಯಾಗಿ ಅನ್ನು. ನಾನು ತಲೆ ತಗ್ಗಿಸಿ ಹೌದು ಅನ್ನುತ್ತೇನೆ. ಡಿಸ್ಕು ಮೇಜಿನ ಮೇಲೆ ಬರುವವರೆಗೆ ನಿಲ್ಲಿಸಬೇಡ.

ಬರುವೆಯಾದರೆ ಹಗ್ಗವನ್ನು ಒಮ್ಮೆ ಜಗ್ಗು. ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೇನೆ.

ನಿನ್ನ ಅಣ್ಣ