ಗೇರ್ ರಾಡು ಕೊಯ್ಸಿದ್ದು

ಮದ್ದೂರು
15 ಜುಲೈ 2024

ಪ್ರೀತಿಯ ಕವಿತಕ್ಕನಿಗೆ,

ನಿನ್ನ ಶಶಿರೇಖಾ ಮಾಡುವ ನಮಸ್ಕಾರ. ಬಸರಾಳಿನಲ್ಲಿ ನೀನು, ಭಾವ, ಮಕ್ಕಳು ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನೀನು ಫೋನ್ ಮಾಡಿದಾಗಲೆಲ್ಲ ‘ಊಟ ಆಯ್ತು, ಇಡ್ತೀನಿ’ ಎಂದು ಇಟ್ಟುಬಿಡುತ್ತೇನೆ, ನಿನಗೆ ಸಿಟ್ಟು ಬಂದಿರುತ್ತದೆ. ಏನು ಮಾಡಲಿ, ನಾನು ಫೋನು ಹಿಡಿದರೆ ಸಾಕು, ಅತ್ತೆ ಸೊಪ್ಪಿನ ಮೊರ ತಂದು ಪಕ್ಕದಲ್ಲೇ ಕೂರುತ್ತಾರೆ. ಅದಕ್ಕೇ ಈ ಕಾಗದ. ತಡವಾಯಿತು, ಎಷ್ಟು ಬೇಕಾದರೂ ಬೈದುಕೋ, ಆದರೆ ಪೂರ್ತಿ ಓದು.

ಸುದ್ದಿ ಏನೆಂದರೆ, ನಮ್ಮ ಯಜಮಾನರು ಕಾರಿನ ಗೇರ್ ರಾಡನ್ನು ಅರ್ಧಕ್ಕೆ ಕೊಯ್ಸಿದ್ದಾರೆ. ನಗಬೇಡ. ನನಗೆ ಅದರಿಂದ ಅನ್ನ ಸೇರುತ್ತಿಲ್ಲ.

ಮಾವನ ಕಾಲದ ಆ ಕಾರು ನೀನು ನೋಡಿದ್ದೇ. ಅದರ ರಾಡು ಊರುಗೋಲಿನ ಹಾಗೆ ಉದ್ದ. ಭಾನುವಾರ ಭಾನುವಾರ ಅತ್ತೆಯನ್ನು ಮಳವಳ್ಳಿಗೆ, ಅವರ ಮಗಳು ಇಂದ್ರಮ್ಮನ ಮನೆಗೆ ಕರೆದುಕೊಂಡು ಹೋಗುವುದು ನಮ್ಮ ವಾಡಿಕೆ. ಅತ್ತೆ ಸತ್ತರೂ ಮುಂದಿನ ಸೀಟಿಗೆ ಬರುವವರಲ್ಲ. ‘ಎದುರ್ಗೆ ಬರೋ ಲಾರಿಯೆಲ್ಲ ಮೈಮ್ಯಾಕೇ ಬತ್ತವೆ, ನಾನ್ ಇಂದೇ ಕೂತ್ಕತೀನಿ ಬುಡು’ ಅನ್ನುತ್ತಾರೆ. ಹೀಗಾಗಿ ಮುಂದೆ ನಾನು. ಸೆಕೆಂಡ್ ಗೇರ್ ಹಾಕಬೇಕಾದರೆ ರಾಡನ್ನು ನನ್ನ ಕಡೆಗೆ ಒತ್ತಿ ಹಿಂದಕ್ಕೆ ಎಳೆಯಬೇಕು. ಆಗ ಇವರ ಕೈ ನನ್ನ ಮಂಡಿಗೆ ತಾಗುತ್ತಿತ್ತು. ಹಗಲು ಹೊತ್ತು ಮನೆಯಲ್ಲಿ ನನ್ನ ಪಕ್ಕ ಕೂರಲೂ ನಾಚುವ ಮನುಷ್ಯ! ಕಾರಿನಲ್ಲಿ ಮಾತ್ರ, ಗೇರ್ ಬಿದ್ದ ಮೇಲೂ ಕೈ ಅಲ್ಲೇ ಉಳಿಯುತ್ತಿತ್ತು.

ಅಕ್ಕ, ಆ ದಾರಿ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಹಂಪ್ ಬಂದರೆ ಸೆಕೆಂಡ್, ಎಮ್ಮೆ ಅಡ್ಡ ಬಂದರೆ ಸೆಕೆಂಡ್. ದೊಡ್ಡಿಯ ಸಕ್ಕರೆ ಫ್ಯಾಕ್ಟರಿ ಹತ್ತಿರ ಕಬ್ಬಿನ ಟ್ರಾಕ್ಟರುಗಳ ಸಾಲು ಸಿಕ್ಕಿತೋ, ನನಗೆ ಹಬ್ಬ. ಎರಡು ಕಡೆಯೂ ನಾಟಿಗೆ ನೀರು ಕಟ್ಟಿದ ಗದ್ದೆ, ಅದರಲ್ಲಿ ಮೋಡ ತೇಲುತ್ತಿರುತ್ತದೆ, ಎಲ್ಲಿಂದಲೋ ಆಲೆಮನೆಯ ಬೆಲ್ಲದ ವಾಸನೆ. ಹಿಂದೆ ಅತ್ತೆಯ ಗೊರಕೆ. ನಾನು ಅರ್ಧ ಕಣ್ಣು ಮುಚ್ಚಿಕೊಂಡು, ಮಂಡಿಯ ಮೇಲೆ ಆ ಬೆಚ್ಚಗಿನ ಭಾರ ಇಟ್ಟುಕೊಂಡು, ಮಳವಳ್ಳಿ ಇನ್ನೂ ಸ್ವಲ್ಪ ದೂರ ಹೋಗಲಿ ಅಂದುಕೊಳ್ಳುತ್ತಿದ್ದೆ. ಇವರು ಮುಖ ನೆಟ್ಟಗೆ ರಸ್ತೆಗೆ ಇಟ್ಟು, ಏನೂ ಗೊತ್ತಿಲ್ಲದವರ ಹಾಗೆ ಕಬ್ಬಿನ ರೇಟು ಮಾತಾಡುತ್ತಿದ್ದರು.

ನನಗೆ ಮೈ ಸರಿಯಿಲ್ಲದೆ ಮೂರು ತಿಂಗಳು ಕಾರು ಹತ್ತಿರಲಿಲ್ಲವಲ್ಲ. ಹೋದ ತಿಂಗಳು ಹತ್ತಿ ನೋಡುತ್ತೇನೆ, ರಾಡು ಗಿಡ್ಡ! ‘ಯಾಕ್ರೀ ಇದು?’ ಅಂದೆ. ‘ಉದ್ದ ಇದ್ರೆ ಅಲ್ಲಾಡ್ತದೆ ಕಣಮ್ಮಿ. ಈಗೆಲ್ಲ ಇಂಗೇ ಮಾಡುಸ್ಕತಾರೆ’ ಅಂದರು. ಹಿಂದಿನಿಂದ ಅತ್ತೆ, ‘ನೆಟ್ಗಿದ್ದುದ್ದ ಯಾಕ್ಲಾ ಆಳ್ ಮಾಡ್ದೆ ಪುಟ್ರಾಜ?’ ಅಂದದ್ದಕ್ಕೆ ಕಾರು ಸ್ಟಾರ್ಟ್ ಮಾಡಿದರು. ಈಗ ಅವರ ಕೈ ಅವರ ಸೀಟಿನ ಪಕ್ಕದಲ್ಲೇ ಹೋಗಿ ಬರುತ್ತದೆ. ಗೇರು ಬಲು ಬಿಗಿಯಾಗಿದೆ, ಪ್ರತಿ ಸಲ ತೋಳು ಸೆಟೆಸಿ ಎಳೆಯುತ್ತಾರೆ. ಸಂಜೆ ಹೊತ್ತಿಗೆ ಭುಜ ಒತ್ತಿಕೊಳ್ಳುತ್ತಿರುತ್ತಾರೆ.

ನಿನ್ನೆ ಮೆಕ್ಯಾನಿಕ್ ಚಿಕ್ಕಬೋರಯ್ಯ ಬ್ರೇಕು ನೋಡಲು ಮನೆಗೆ ಬಂದಿದ್ದ. ಇವರು ಸ್ನಾನಕ್ಕೆ ಹೋಗಿದ್ದರು. ಕಾಫಿ ಕೊಟ್ಟು, ರಾಡಿನ ವಿಷಯ ಮೆಲ್ಲಗೆ ಎತ್ತಿದೆ.

‘ನಾನ್ ಬ್ಯಾಡ ಅಂದೆ ಕಣವ್ವ. ಗಿಡ್ಡ ಮಾಡುದ್ರೆ ಬಿಗಿ ಆಯ್ತದೆ, ತೋಳ್ ನೋಯ್ತದೆ ಅಂದೆ. ಕೇಳ್ಬೇಕಲ್ಲ! ನನ್ನೇ ನಿಮ್ ಸೀಟಲ್ಲಿ ಕೂರ್ಸುದ್ರು. ಸೆಕೆಂಡ್ ಆಕೋದು, ನನ್ ಮಂಡಿ ನೋಡೋದು. ಪಕ್ಕದಲ್ ಕೂತೋರ್ಗೆ ಕೈ ತಗುಲ್ಬಾರ್ದು, ಅಲ್ಲೀಗಂಟ ಕುಯ್ಯಿ ಅಂದ್ರು.’

ಆ ದಪ್ಪ ಮೀಸೆಯವನು ನನ್ನ ಜಾಗದಲ್ಲಿ ಮಂಡಿ ಜೋಡಿಸಿಕೊಂಡು ಕೂತದ್ದನ್ನು ನೆನೆದು ಮೊದಲು ನಗು ಬಂತು. ಆಮೇಲೆ ಒಳಗೆ ಹೋಗಿ, ಮುಸುರೆ ಪಾತ್ರೆಯ ಮುಂದೆ ಕೂತು ಅತ್ತುಬಿಟ್ಟೆ. ನಾನು ಇವರಿಗೆ ಅಷ್ಟು ಬೇಡವಾದೆನೇ ಅಕ್ಕ? ಕೇಳೋಣವೆಂದು ಹೋದವಳು ‘ಊಟಕ್ಕೆ ಬನ್ನಿ’ ಅಂದು ವಾಪಸ್ ಬರುತ್ತೇನೆ. ಅವರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಇಬ್ಬರೂ ಒಳ್ಳೆಯ ನೆಂಟರ ಹಾಗೆ ಇದ್ದೇವೆ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳು ಚೆನ್ನಾಗಿ ಓದಿಕೊಂಡು ನೂರು ಕಾಲ ಬಾಳಲಿ. ನಿನ್ನ ಸೊಂಟ ನೋವಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ.

ನಿನ್ನ ತಂಗಿ
ಶಶಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಇವರು ಯಾಕೆ ಕೊಯ್ಸಿದರೆಂದು ನನಗೆ ಗೊತ್ತು. ಮಾರ್ಚ್ ತಿಂಗಳಲ್ಲಿ ಮಂಡ್ಯದ ಆಸ್ಪತ್ರೆಯಿಂದ ನಾವು ಬರಿಗೈಯಲ್ಲಿ ಮನೆಗೆ ಬಂದೆವಲ್ಲ, ಉಸಿರಿಲ್ಲದೆ ಹುಟ್ಟಿದ ಕೂಸನ್ನು ನೀನೇ ಪಂಚೆಯಲ್ಲಿ ಸುತ್ತಿ ಭಾವನ ಕೈಗೆ ಕೊಟ್ಟೆಯಲ್ಲ, ಅದಾದ ಮೂರನೇ ದಿನ, ಮನೆಗೆ ಬರುವ ದಾರಿ. ಗೆಜ್ಜಲಗೆರೆ ಹತ್ತಿರ ಕಾರು ನಿಧಾನವಾಯಿತು, ಇವರ ಕೈ ಬಂದು ನನ್ನ ಮಂಡಿಯ ಮೇಲೆ ಕೂತಿತು. ನಾನು ಬೆಚ್ಚಿ ಬಾಗಿಲ ಕಡೆಗೆ ಮುದುಡಿಕೊಂಡೆ. ಇವರು ಕೈ ತೆಗೆದರು. ಇವಳಿಗೆ ಇನ್ನು ನನ್ನ ಕೈ ಸೋಕುವುದೂ ಬೇಡ ಎಂದುಕೊಂಡರು. ಬೇಡವೆಂದು ಸರಿದದ್ದಲ್ಲ ಅಕ್ಕ. ಕೂಸು ಇಲ್ಲವೆಂದು ಮೈಗೆ ಯಾರು ಹೇಳಬೇಕು? ಹಾಲು ಇಳಿದು ರವಿಕೆ ನೆನೆದುಹೋಗಿತ್ತು. ಅದು ಅವರ ಕಣ್ಣಿಗೆ ಬೀಳಬಾರದೆಂದು ಸರಿದೆ.