ಐರೋಲಿಯಿಂದ ತಂದ ಪ್ರೊಸೆಸರ್

೧೪ ಜೂನ್ ೨೦೦೯, ಭಾನುವಾರ. ಡೊಂಬಿವ್ಲಿ.

ಐರೋಲಿಯ ಆ ಶಂಭು ಕಳ್ಳ. ಸುತ್ತಲಿಂದಲೂ ಶಬ್ದ ಬರಿಸುವ ಅವನ ಹಳೇ ಸರೌಂಡ್ ಪ್ರೊಸೆಸರನ್ನು ಕೊಳ್ಳುವ ಮೊದಲು, ಐದೂ ಸ್ಪೀಕರಿಗೆ ಜೋಡಿಸಿ ಕೇಳಿಸು ಎಂದು ನಾನು ಹೇಳಬೇಕಿತ್ತು. ಬಾಗಿಲಲ್ಲೇ ತುಳುವಿನಲ್ಲಿ ಮಾತು ತೆಗೆದ, ಊರು ಕೇಳಿದ, ಅವನ ಹೆಂಡತಿ ನೀರುದೋಸೆ ತಂದಿಟ್ಟಳು. ತಿಂದ ಮೇಲೆ ಪರೀಕ್ಷೆ ಮಾಡಲು ನನಗೇ ನಾಚಿಕೆಯಾಯಿತು.

"ನಮ್ಮವರಿಗೆ ಮೋಸ ಮಾಡ್ಲಿಕ್ಕುಂಟಾ ಅಣ್ಣ?" ಎಂದ.

ಮನೆಯಲ್ಲಿ ಹಾಕಿ ನೋಡಿದರೆ ಹಿಂದಿನ ಎರಡು ಸ್ಪೀಕರಿಗೆ ಶಬ್ದವೇ ಹೋಗುವುದಿಲ್ಲ. ಅದೇ ಸ್ಪೀಕರನ್ನು ಮುಂದಿನ ಸ್ಪೀಕರಿನ ತಂತಿಗೆ ಜೋಡಿಸಿದರೆ ಸರಿಯಾಗಿ ಮಾತಾಡುತ್ತದೆ; ಕೆಟ್ಟದ್ದು ಪ್ರೊಸೆಸರೇ.

ನನ್ನ ಹೆಂಡತಿ ಉಮಾವತಿಗೆ ಕಣ್ಣು ಹೋಗಿ ಎರಡು ವರ್ಷವಾಯಿತು. ಈಗ ಅವಳಿಗೆ ಸಿನಿಮಾ ಎಂದರೆ ಕಿವಿಯಲ್ಲಿ ಕೇಳಿದಷ್ಟೇ. ಯಾರು ಯಾವ ಕಡೆಯಿಂದ ಬಂದರು ಎಂದು ತಿಳಿಯಲಿ ಅಂತಲೇ ಇದನ್ನು ತಂದದ್ದು. ಸಿನಿಮಾದಲ್ಲಿ ಮಳೆ ಬರುವಾಗ ಕುರ್ಚಿಯಲ್ಲಿ ಕೂತವಳು, "ಹಿಂದಿನಿಂದ ಮಳೆ ಕೇಳ್ತದೆ ಮಾರಾಯ್ರೆ, ಲಾಯ್ಕುಂಟು" ಎಂದಳು. ನನ್ನ ಕೈ ಆ ಹಿಂದಿನ ಸ್ಪೀಕರ್ ಮೇಲೇ ಇತ್ತು. ಅದು ಮಿಸುಕಲೂ ಇಲ್ಲ.

ನನ್ನ ಸಮಾಧಾನಕ್ಕೆ ಇವಳೂ ಸುಳ್ಳು ಹೇಳಬೇಕೇ? ಶಂಭುವಿನ ಸುಳ್ಳಿಗಿಂತ ಇದೇ ಹೆಚ್ಚು ಉರಿಯಿತು. ಬೈದೆ. ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ನಾಳೆ ಪೆಟ್ಟಿಗೆ ಹೊತ್ತು ಐರೋಲಿಗೆ ಹೋಗುತ್ತೇನೆ. ಅವನ ಮನೆಯ ನೀರೂ ಮುಟ್ಟುವುದಿಲ್ಲ. ಬಾಗಿಲಲ್ಲೇ ನಿಂತು ಹಿಂದಿಯಲ್ಲೇ ಮಾತಾಡುತ್ತೇನೆ.