ಸುಮ್ಮನೆ ಒಂದು ಮೀಟಿಂಗ್

ನವೆಂಬರ್ 12, ಬುಧವಾರ

ಇವತ್ತೂ ಕ್ಲಿನಿಕ್ಕಿನಲ್ಲಿ ಅದೇ ಸುಳ್ಳು. ಮೆಡಿಕಲ್ ರೆಪ್‌ಗಳು ಬಂದರೆ ಕೌಂಟರಿನಲ್ಲಿ ಕೂತ ನಾನು ಹೇಳಬೇಕು, "ಡಾಕ್ಟ್ರು ಮೀಟಿಂಗಲ್ಲಿದ್ದಾರೆ." ಡಾಕ್ಟ್ರು ಒಳಗೆ ಗೋಳಿಬಜೆ ತಿನ್ನುತ್ತಿದ್ದರು. ರೆಪ್‌ಗಳಿಗೂ ಗೊತ್ತು. ಎಂಥ ಉಪಯೋಗದ ಶಬ್ದ! ಅಮ್ಮನ ಸಂಘದಲ್ಲಿ ಮೀಟಿಂಗ್ ಎಂದರೆ ಚಾ, ಮತ್ತೆ ಕುದ್ರೋಳಿಯ ಸುದ್ದಿ ಪೂರ್ತಿ. ನನ್ನ ಡೈವೋರ್ಸಿಗೆ ಮೊದಲು ಕೋರ್ಟಿನ ಕೌನ್ಸೆಲರ್ ಕರೆದದ್ದೂ ಮೀಟಿಂಗೇ... ಗಂಡ ಒಮ್ಮೆಯೂ ಬರಲಿಲ್ಲ.

ಮನೆಗೆ ಬಂದರೆ ಕೂಳೂರಿನಿಂದ ನೋಣಯ್ಯ ಮಾಮ. ಅಮ್ಮನ ಅಣ್ಣ, ನಮ್ಮ ಮನೆಯ ಹೈಕೋರ್ಟು.

"ನಿರೀಕ್ಷಾ, ಆದಿತ್ಯವಾರ ಒಂದು ಮೀಟಿಂಗ್ ಉಂಟು. ಹುಡುಗ ರೋಷನ್ ಅಂತ, ಅಬುಧಾಬಿಯಲ್ಲಿ. ಅವನಿಗೂ ಡೈವೋರ್ಸ್ ಆಗಿದೆ. ಹೆದರ್ಬೇಡ, ಸುಮ್ಮನೆ ಒಂದು ಮೀಟಿಂಗ್."

ಮಾಮ "ಸುಮ್ಮನೆ" ಎಂದರೆ ಎಲ್ಲ ತೀರ್ಮಾನ ಆಗಿದೆ ಎಂದೇ ಅರ್ಥ. "ಕಿನ್ನಿಯ ವಿಷಯ ಹೇಳಿದ್ದೀರಾ?" ಎಂದೆ.

"ಮಗು ನಮ್ಮ ಬರಿ, ನಮ್ಮ ಕುಲದ್ದು ಮಾರಾಯ್ತಿ, ನಮ್ಮಲ್ಲೇ ಇರ್ಲಿ. ಮೋಕ್ಷಿತನ ಮಗಳು ಅಂತ ಹೇಳಿದ್ದೇನೆ."

ಅಣ್ಣ ಮೋಕ್ಷಿತ್ ಅಲ್ಲೇ ಮೊಬೈಲ್ ನೋಡುತ್ತಾ ಕೂತಿದ್ದ. ತಲೆ ಎತ್ತಲಿಲ್ಲ. ಕಿನ್ನಿ ನನ್ನ ಮಗಳು. ಐದು ವರ್ಷ.

ನವೆಂಬರ್ 14, ಶುಕ್ರವಾರ

ಅಡುಗೆಮನೆಯಲ್ಲಿ ಅಮ್ಮನ ಸ್ವರ. ನನ್ನ ಫೋಟೋ ತೋರಿಸಿ ಕೇಳುತ್ತಿದ್ದಳು. "ಹೇಳು ಕಿನ್ನಿ, ಇದು ಯಾರು?"

"ಮಾಮಿ!"

ಅಣ್ಣನ ಮಗಳಾದರೆ ನಾನು ಸೋದರತ್ತೆ, ನಮ್ಮ ಮಾತಲ್ಲಿ ಮಾಮಿಯೇ ತಾನೆ. ಬಹುಮಾನಕ್ಕೆ ಒಂದು ಚಾಕಲೇಟ್. ಬಾಗಿಲಲ್ಲಿ ನನ್ನನ್ನು ನೋಡಿ ಅಮ್ಮ ಬೆಚ್ಚಿದಳು. "ಒಂದು ದಿನದ ಮಟ್ಟಿಗೆ... ನಿನ್ನ ಒಳ್ಳೇದಕ್ಕೇ."

ಬೈದೆ. ಅಮ್ಮ ಅತ್ತಳು, ಆಮೇಲೆ ನಾನೂ. ಆದರೆ ಬರುವುದಿಲ್ಲ ಎನ್ನಲಿಲ್ಲ. ಒಬ್ಬಳೇ ಇದ್ದು ಸಾಕಾಗಿದೆ — ಇಲ್ಲಿ ಮಾತ್ರ ಬರೆಯುತ್ತೇನೆ.

ನವೆಂಬರ್ 16, ಆದಿತ್ಯವಾರ, ಸಂಜೆ

ನಂತೂರಿನ ಹತ್ತಿರ ಹೋಟೆಲ್. ಅತ್ತಿಗೆ ಬರಲಿಲ್ಲ. ಈ ನಾಟಕಕ್ಕೆ ನಾನಿಲ್ಲ ಎಂದು ತವರಿಗೆ ಹೋದಳು. ಕಿನ್ನಿ ರಚ್ಚೆ ಹಿಡಿದದ್ದರಿಂದ ಕರೆದುಕೊಂಡೇ ಹೋಗಬೇಕಾಯಿತು. ಅಣ್ಣನ ತೊಡೆಯ ಮೇಲೆ ಕೂರಿಸಿದರು.

ರೋಷನ್ ಮೆತ್ತಗಿನ ಮನುಷ್ಯ. ಎ.ಸಿ.ಯಲ್ಲೂ ಬೆವರುತ್ತಿದ್ದ, ಪಾಪ. ನನಗೆ ಇಷ್ಟವಾದ — ಅದೇ ಕಷ್ಟ. ಅವನ ತಾಯಿ ಕಿನ್ನಿಗೆ ಐಸ್‌ಕ್ರೀಮ್ ತಿನ್ನಿಸುತ್ತಾ ಎಲ್ಲ ಹಿರಿಯರೂ ಮಕ್ಕಳಿಗೆ ಕೇಳುವುದನ್ನೇ ಕೇಳಿದರು. "ಬಾಲೆ, ನಿನ್ನ ಬರಿ ಯಾವುದು?"

"ಬಂಗೇರ!" ಮಾಮನೇ ಕಲಿಸಿದ್ದು.

ಅವರ ಕೈ ನಿಂತಿತು. ನಮ್ಮಲ್ಲಿ ಬರಿ ಬರುವುದು ತಾಯಿಯಿಂದ. ಅಣ್ಣನೂ ನಾನೂ ಬಂಗೇರ. ಒಂದೇ ಬರಿಯಲ್ಲಿ ಮದುವೆ ಇಲ್ಲ, ಹಾಗಾಗಿ ಅತ್ತಿಗೆಯ ಬರಿ ಬೇರೆ. ಅಣ್ಣನ ಮಗಳು ಬಂಗೇರ ಆಗುವುದು ಹೇಗೆ? ಮಗು ಬರಿ ಬಿಟ್ಟು ಹೋಗಬಾರದೆಂದು ಇಷ್ಟೆಲ್ಲ ಹೂಡಿದ ಮಾಮನಿಗೆ ಇದೊಂದು ಹೊಳೆಯಲಿಲ್ಲ!

"ಮಕ್ಕಳಿಗೆ ಎಂತ ಗೊತ್ತು..." ಮಾಮ ನಗಲು ನೋಡಿದರು.

"ಅವಳು ಸರಿಯಾಗಿಯೇ ಹೇಳಿದ್ದು. ನನ್ನ ಮಗಳು," ಎಂದೆ.

ರೋಷನ್ ಕಿನ್ನಿಯನ್ನು ನೋಡಿದ, ನನ್ನನ್ನು ನೋಡಿದ. ಏನೋ ಹೇಳಲು ಹೊರಟ. ತಾಯಿ ಎದ್ದು ಬ್ಯಾಗ್ ತೆಗೆದುಕೊಂಡರು. "ಆಮೇಲೆ ಫೋನ್ ಮಾಡ್ತೇವೆ." ಮಾಡುವುದಿಲ್ಲ.

ಮಾಮ ಕೂಳೂರಿನ ಬಸ್ಸು ಹತ್ತಿದರು. ನಾನೂ ಕಿನ್ನಿಯೂ ರಿಕ್ಷಾದಲ್ಲಿ. ಜಂಕ್ಷನ್ನಿನಲ್ಲಿ ಲಾರಿಗಳ ಮಧ್ಯೆ ಸಿಕ್ಕಿಕೊಂಡಿದ್ದಾಗ ಅವಳು ನನ್ನ ಕಿವಿಗೆ ಬಾಯಿಟ್ಟಳು.

"ಮೀಟಿಂಗ್ ಮುಗೀತಾ? ಇನ್ನು ಅಮ್ಮ ಅಂತ ಹೇಳ್ಬಹುದಾ?"

ಹೇಳು ಮಗಾ ಎಂದೆ. ಜೋರಾಗಿ ಹೇಳು. ಇನ್ನು ಯಾವತ್ತೂ, ಯಾರ ಮುಂದೆಯೂ ನೀನು ನನ್ನನ್ನು ಮಾಮಿ ಎನ್ನುವುದು ಬೇಡ.